ಗಾಳಿಯ ಬಲದಿಂದ ಚಲಿಸುವ ಗೊಂಬೆ

ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ವರ್ಷದ ಕೊನೆಯ ತಿಂಗಳುಗಳು ಬಂದವೆಂದರೆ ಅನೇಕ ಗೃಹಸ್ಥರು ತಮ್ಮ ಮನೆಗಳ ಮುಂದಣ ಅಂಗಳಗಳಲ್ಲಿ ಚಲಿಸುವ ಗೊಂಬೆಗಳನ್ನು ನಿಲ್ಲಿಸುವ ಪದ್ಧತಿಯುಂಟು. ಸಕಲ ಸಂತರ ಹಬ್ಬದ ಹಿಂದಿನ ಸಂಜೆ, ಅಂದರೆ ಅಕ್ಟೋಬರ್ ೩೧ನೆಯ ತಾರೀಖು, ಅಲ್ಲಿ ಹ್ಯಾಲೋವೀನ್ ಎಂದು ಕರೆಯಲ್ಪಡುವುದು. ಆ ರಾತ್ರಿ ಮಕ್ಕಳು ವೇಷ ಧರಿಸಿ ಮನೆಯಿಂದ ಮನೆಗೆ ಹೋಗಿ ಮಿಠಾಯಿ ಬೇಡುವರು. ಅವರು ದಾರಿಯಲ್ಲಿ ನಡೆದು ಬರುವಾಗ ಕಸದ ಡಬ್ಬಿಯ ಮುಚ್ಚಳವನ್ನು ಎತ್ತಿಕೊಂಡು ಒಂದು ಪಿಶಾಚಿಯು ಥಟ್ಟನೆ ಎದ್ದು ನಿಲ್ಲುವುದು. ಡಿಸೆಂಬರು ಬಂದಾಗ ಅದೇ ಅಂಗಳಗಳಲ್ಲಿ ದೀಪಾಲಂಕಾರವೂ ಗೋದಲಿಯ ದೃಶ್ಯವೂ ಕಾಣಬರುವುವು. ಇಂಥ ಗೊಂಬೆಗಳಲ್ಲಿ ಎಷ್ಟೋ ಅಂಗಡಿಯಿಂದ ಕೊಂಡವುಗಳಲ್ಲ. ತಂದೆತಾಯಿಗಳೂ ಮಕ್ಕಳೂ ಕೂಡಿ ಮನೆಯ ಹಿಂದಣ ಕೊಟ್ಟಿಗೆಯಲ್ಲಿ ಕಟ್ಟಿದವುಗಳು. ಅವುಗಳ ಸ್ನಾಯು ಒತ್ತಿದ ಗಾಳಿ. ಅವುಗಳ ಬುದ್ಧಿ ಒಂದು ಚಿಕ್ಕ ಗಣಕಯಂತ್ರ.

ಇಂಥ ಗೊಂಬೆಯನ್ನು ಕಟ್ಟುವ ಕ್ರಮವನ್ನು ಈ ಪಾಠದಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ. ಒತ್ತಡ, ಸನ್ನೆ, ವಿದ್ಯುನ್ಮಂಡಲ ಎಂಬ ಮೂರನ್ನು ಹೈಸ್ಕೂಲಿನಲ್ಲಿ ಕಲಿತ ಯಾವ ಹುಡುಗಿಗೂ ಇದರಲ್ಲಿ ತಿಳಿಯಲಾರದ ಸಂಗತಿ ಯಾವುದೂ ಇಲ್ಲ. ನಾವು ಉದಾಹರಣೆಗೆ ಪಿಶಾಚಿಯನ್ನು ಬಿಟ್ಟು ಗೋದಲಿಯ ದೃಶ್ಯದ ಒಬ್ಬ ಕುರುಬನನ್ನು ಆರಿಸಿಕೊಳ್ಳುವೆವು. ನೋಡುವವರು ಹತ್ತಿರ ಬಂದಾಗ ಅವನು ಲಾಂದ್ರವನ್ನು ಮೆಲ್ಲನೆ ಮೇಲೆತ್ತಿ, ನಡು ಬಾಗಿಸಿ ನಮಸ್ಕರಿಸಿ, ಪುನಃ ನೆಟ್ಟಗೆ ನಿಲ್ಲಬೇಕು. ಪಿಶಾಚಿಯನ್ನು ಎಬ್ಬಿಸುವುದು ಸುಲಭ, ಕುರುಬನನ್ನು ಬಾಗಿಸುವುದು ಕಷ್ಟ. ಅದೇಕೆಂಬುದೇ ಈ ಪಾಠದ ಸಾರವು.

೧. ಪೂರ್ವವೃತ್ತಾಂತ

ಗಾಳಿಯಿಂದ ಗೊಂಬೆಗಳನ್ನು ಆಡಿಸುವ ವಿದ್ಯೆಯು ಹೊಸದಲ್ಲ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಐಗುಪ್ತದ ಅಲೆಕ್ಸಾಂದ್ರಿಯ ಪಟ್ಟಣದಲ್ಲಿದ್ದ ಹೀರೋ ಎಂಬ ಪಂಡಿತನು ಗಾಳಿ, ನೀರು, ಹಬೆ ಇವುಗಳಿಂದ ನಡೆಯುವ ಯಂತ್ರಗಳನ್ನು ಕುರಿತು ಗ್ರೀಕ್ ಭಾಷೆಯಲ್ಲಿ ಗ್ರಂಥವನ್ನು ಬರೆದನು. ಬಲಿಪೀಠದ ಮೇಲೆ ಬೆಂಕಿ ಹೊತ್ತಿಸಿದಾಗ ಒಳಗಣ ಗಾಳಿಯು ಕಾದು ಹಿಗ್ಗಿ, ನೀರನ್ನು ತಳ್ಳಿ, ಆ ನೀರಿನ ಭಾರದಿಂದ ದೇವಾಲಯದ ಬಾಗಿಲುಗಳು ತಾವಾಗಿಯೇ ತೆರೆಯುವ ಉಪಾಯವೂ, ಕೂಗುವ ಪಕ್ಷಿಗಳ ಉಪಾಯವೂ ಅದರಲ್ಲಿ ವರ್ಣಿಸಲ್ಪಟ್ಟಿವೆ.

ನಮ್ಮ ನಾಡಿಗೂ ಈ ಚರಿತ್ರೆಯಲ್ಲಿ ಒಂದು ಸ್ಥಾನವುಂಟು. ಮೈಸೂರಿನ ಟೀಪೂ ಸುಲ್ತಾನನಿಗಾಗಿ ಮರದಿಂದ ಮಾಡಲ್ಪಟ್ಟ ಹುಲಿಯೊಂದು ಕೆಳಗೆ ಬಿದ್ದಿರುವ ಐರೋಪ್ಯ ಪುರುಷನ ಮೇಲೆ ಎರಗಿರುವುದು. ಅದರ ಪಕ್ಕದಲ್ಲಿರುವ ಹಿಡಿಯನ್ನು ತಿರುಗಿಸಿದರೆ ಆ ಮನುಷ್ಯನ ಕೈಯು ಮೇಲಕ್ಕೂ ಕೆಳಕ್ಕೂ ಆಡುವುದು. ಒಳಗಣ ತಿದಿಗಳು ಗಾಳಿಯನ್ನು ಕೊಳವೆಗಳಿಗೆ ನೂಕಿ ಹುಲಿಯ ಗರ್ಜನೆಯನ್ನೂ ಮನುಷ್ಯನ ನರಳಾಟವನ್ನೂ ಹೊರಡಿಸುವುವು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಆಂಗ್ಲರು ಅದನ್ನು ಸೀಮೆಗೆ ಒಯ್ದರು. ಈಗ ಅದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುತ್ತದೆ.

೧೯೬೩ರಲ್ಲಿ ಕಾಲಿಫೋರ್ನಿಯದ ಡಿಸ್ನಿಲ್ಯಾಂಡಿನಲ್ಲಿ ವಾಲ್ಟ್ ಡಿಸ್ನಿಯವರ ಕೆಲಸಗಾರರು ಹಾಡುವ ಪಕ್ಷಿಗಳ ಒಂದು ಮಂದಿರವನ್ನೇ ತೆರೆದರು. ೧೯೬೪ರಲ್ಲಿ ನ್ಯೂಯಾರ್ಕಿನ ಲೋಕಪ್ರದರ್ಶನದಲ್ಲಿ ಅವರು ನಿಲ್ಲಿಸಿದ ಅಧ್ಯಕ್ಷ ಲಿಂಕನ್‌ರ ಗೊಂಬೆಯು ಕುರ್ಚಿಯಿಂದ ಎದ್ದು ಭಾಷಣ ಮಾಡಿತು. ಆ ಕಾಲದಲ್ಲಿ ಇಂಥ ಗೊಂಬೆಗೆ ಅಪ್ಪಣೆ ಕೊಡುವ ಯಂತ್ರವನ್ನು ಇಟ್ಟುಕೊಳ್ಳುವುದು ದೊಡ್ಡ ಸಂಸ್ಥೆಗಳಿಗೆ ಮಾತ್ರ ಸಾಧ್ಯವಾಗಿತ್ತು. ೨೦೦೫ರಲ್ಲಿ ಇಟಲಿಯ ಇವ್ರೆಯ ಎಂಬ ಊರಿನಲ್ಲಿ ವಿದ್ಯಾರ್ಥಿಗಳಿಗೋಸ್ಕರ ಆರ್ಡುಯಿನೋ ಎಂಬ ಅಂಗೈಯಗಲದ ಗಣಕಫಲಕವು ಹುಟ್ಟಿದ ಮೇಲೆ ಆ ಶಕ್ತಿಯು ಸಾಮಾನ್ಯ ಗೃಹಸ್ಥರ ಕೈಗೂ ಬಂತು.

೨. ಗಾಳಿಯ ಬಲವೂ ಸನ್ನೆಯ ಲೆಕ್ಕವೂ

ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಅಲ್ಲಿ ನಾವು ಹಿಡಿಯನ್ನು ಒತ್ತುವೆವು, ಗಾಳಿಯು ಹೊರಡುವುದು. ಈಗ ಅದನ್ನು ತಿರುಗುಮುರುಗಾಗಿ ಭಾವಿಸಿರಿ: ಗಾಳಿಯನ್ನು ಒಳಗೆ ಬಿಟ್ಟರೆ ಹಿಡಿಯು ತಾನೇ ಹೊರಕ್ಕೆ ಬರುವುದು. ಗೊಂಬೆಯ ಸ್ನಾಯುವಾದ ಸಿಲಿಂಡರು ಇದೇ ಆಗಿದೆ. ಅದರ ಎರಡು ಕೊನೆಗಳಲ್ಲಿಯೂ ಗಾಳಿಗೆ ದಾರಿಯಿರುವುದರಿಂದ ಒಳಗಿನ ಪಿಸ್ಟನ್ನನ್ನು ಮುಂದಕ್ಕೂ ಹಿಂದಕ್ಕೂ ತಳ್ಳಬಹುದು.

ಬಲವನ್ನು ಎಣಿಸುವ ಬಗೆ ಹೀಗಿದೆ. ಪಿಸ್ಟನ್ನಿನ ವ್ಯಾಸವು ೨೫ ಮಿಲಿಮೀಟರು ಇದ್ದರೆ ಅದರ ಕ್ಷೇತ್ರಫಲವು ಸುಮಾರು ೪.೯ ಚದರ ಸೆಂಟಿಮೀಟರು. ಗಾಳಿಯ ಒತ್ತಡವು ಚದರ ಸೆಂಟಿಮೀಟರಿಗೆ ೪ ಕಿಲೋಗ್ರಾಂ, ಅಮೇರಿಕದವರ ಲೆಕ್ಕದಲ್ಲಿ ಚದರ ಅಂಗುಲಕ್ಕೆ ಸುಮಾರು ೫೭ ಪೌಂಡು, ಎಂದಿಟ್ಟುಕೊಂಡರೆ ಆ ಚಿಕ್ಕ ಸಿಲಿಂಡರು ೨೦ ಕಿಲೋಗ್ರಾಂಗಳಷ್ಟು ಬಲದಿಂದ ತಳ್ಳುವುದು.

ಈ ಸಿಲಿಂಡರಿನ ಕಂಬಿಯನ್ನು ಕುರುಬನ ಭುಜದ ಕೀಲಿನಿಂದ ೫ ಸೆಂಟಿಮೀಟರು ದೂರದಲ್ಲಿ ಕೈಗೆ ಜೋಡಿಸೋಣ. ಲಾಂದ್ರವು ಅದೇ ಕೀಲಿನಿಂದ ೫೦ ಸೆಂಟಿಮೀಟರು ದೂರದಲ್ಲಿರಲಿ. ಸನ್ನೆಯ ನಿಯಮದಂತೆ ಕಂಬಿಯು ೫ ಸೆಂಟಿಮೀಟರು ಸರಿದರೆ ಲಾಂದ್ರವು ಸುಮಾರು ಅರ್ಧ ಮೀಟರು ಏರುವುದು. ಆದರೆ ಅಲ್ಲಿ ದೊರೆಯುವ ಬಲವು ಹತ್ತರಲ್ಲೊಂದು ಪಾಲು, ಅಂದರೆ ೨ ಕಿಲೋಗ್ರಾಂ ಮಾತ್ರ. ಇದರಲ್ಲಿಯೂ ಅರ್ಧವನ್ನು ಘರ್ಷಣೆಗೂ ಚಲನೆಯ ಹತೋಟಿಗೂ ಮೀಸಲಿಡತಕ್ಕದ್ದು. ಆದಕಾರಣ ಕೈಯ ಭಾರವೂ ಲಾಂದ್ರದ ಭಾರವೂ ಸೇರಿ ಕೈತುದಿಯಲ್ಲಿ ೧ ಕಿಲೋಗ್ರಾಮನ್ನು ಮೀರಬಾರದು. ಲಾಂದ್ರದಲ್ಲಿ ಎಣ್ಣೆ ಬೇಡ; ತಗಡಿನ ಹಗುರವಾದ ಗೂಡೂ ಒಂದು ಸಣ್ಣ ವಿದ್ಯುದ್ದೀಪವೂ ಸಾಕು.

ನಡುವಿಗೆ ಇನ್ನಷ್ಟು ಬಲ ಬೇಕು. ಮೇಲ್ಮೈಯ ಭಾರವು ೪ ಕಿಲೋಗ್ರಾಂ ಇದ್ದು, ಅದರ ಗುರುತ್ವಕೇಂದ್ರವು ನಡುವಿನ ಕೀಲಿನಿಂದ ೩೦ ಸೆಂಟಿಮೀಟರು ಮೇಲಿದ್ದರೆ, ೩೦ ಅಂಶಗಳಷ್ಟು ಬಾಗಿದಾಗ ಅದು ೬೦ ಕಿಲೋಗ್ರಾಂ-ಸೆಂಟಿಮೀಟರಿನ ತಿರುಚುಬಲದಿಂದ ಕೆಳಗೆ ಎಳೆಯುವುದು. ೩೨ ಮಿಲಿಮೀಟರು ವ್ಯಾಸದ ಸಿಲಿಂಡರನ್ನು ಕೀಲಿನಿಂದ ೮ ಸೆಂಟಿಮೀಟರು ದೂರದಲ್ಲಿ ಜೋಡಿಸಿದರೆ ಅದೇ ಒತ್ತಡದಲ್ಲಿ ೨೫೦ಕ್ಕೆ ಮೇಲ್ಪಟ್ಟು ದೊರೆಯುವುದು. ಸಿಲಿಂಡರಿನ ಹಿಂತುದಿಯನ್ನು ಚೌಕಟ್ಟಿಗೆ ಬಿಗಿಯಾಗಿ ಬೆಸೆಯದೆ ಕೀಲಿನ ಮೇಲೆ ಕೂರಿಸಬೇಕು. ಕೈಯು ವೃತ್ತದಲ್ಲಿ ತಿರುಗುವಾಗ ಸಿಲಿಂಡರೂ ತುಸು ಓಲಾಡದಿದ್ದರೆ ಕಂಬಿಯು ಬಾಗಿ ಕೆಡುವುದು. ಚೌಕಟ್ಟಿಗೆ ಕಬ್ಬಿಣದ ಚೌಕ ಕೊಳವೆ ಉತ್ತಮ. ಚಲನೆಯ ಎರಡು ಕೊನೆಗಳಲ್ಲಿಯೂ ರಬ್ಬರಿನ ತಡೆಗಳಿರಲಿ. ಗಾಳಿ ಇಲ್ಲದಿರುವಾಗಲೂ ಕುರುಬನು ಮುಂದಕ್ಕೆ ಬೀಳದಂತೆ ಬೆನ್ನಿಗೆ ಒಂದು ಬಲವಾದ ಸ್ಪ್ರಿಂಗನ್ನು ಕಟ್ಟತಕ್ಕದ್ದು.

ಅಮೇರಿಕದ ಹವ್ಯಾಸಿಗಳಲ್ಲಿ ಕೆಲವರು ಬಾಗಿಲು ತಾನಾಗಿ ಮುಚ್ಚಿಕೊಳ್ಳುವಂತೆ ಜೋಡಿಸುವ ನಳಿಗೆಯನ್ನು ಮಾರ್ಪಡಿಸಿ ಸಿಲಿಂಡರನ್ನಾಗಿ ಉಪಯೋಗಿಸಿದ್ದುಂಟು. ಅವರ ಯುಕ್ತಿಯನ್ನು ಮೆಚ್ಚಬಹುದು. ಆದರೆ ಆ ನಳಿಗೆಯು ಇಂಥ ಒತ್ತಡಕ್ಕಾಗಿ ಮಾಡಲ್ಪಟ್ಟುದಲ್ಲ. ಕಾರ್ಖಾನೆಯ ಸಿಲಿಂಡರನ್ನೇ, ಹಳೆಯದಾದರೂ, ಕೊಳ್ಳುವುದು ವಿವೇಕ.

೩. ಗಾಳಿಯ ದಾರಿ

ಪಂಕ್ಚರ್ ಅಂಗಡಿಯಲ್ಲಿ ಕಾಣುವಂಥ ಕಂಪ್ರೆಸರು ಗಾಳಿಯನ್ನು ಒತ್ತಿ ಉಕ್ಕಿನ ತೊಟ್ಟಿಯಲ್ಲಿ ತುಂಬುವುದು. ಅಲ್ಲಿಂದ ಹೊರಟ ಗಾಳಿಯು ಮೊದಲು ಕೈಯಿಂದ ಮುಚ್ಚತಕ್ಕ ಒಂದು ಕವಾಟವನ್ನು ದಾಟುವುದು. ಇದನ್ನು ಮುಚ್ಚಿದಾಗ ಮುಂದಿನ ಕೊಳವೆಗಳಲ್ಲಿರುವ ಗಾಳಿಯೆಲ್ಲ ಹೊರಗೆ ಹೋಗಿಬಿಡುವಂಥದೇ ಬೇಕು. ತರುವಾಯ ನೀರನ್ನೂ ಧೂಳನ್ನೂ ಸೋಸುವ ಪಾತ್ರೆ. ಆ ಮೇಲೆ ಒತ್ತಡವನ್ನು ೪ಕ್ಕೆ ಇಳಿಸುವ ನಿಯಾಮಕವೂ ಅದನ್ನು ತೋರಿಸುವ ಮುಳ್ಳೂ.

ಅಲ್ಲಿಂದ ಗಾಳಿಯು ವಿದ್ಯುತ್ ಕವಾಟಕ್ಕೆ ಬರುವುದು. ಒಂದೊಂದು ಸಿಲಿಂಡರಿಗೆ ಒಂದೊಂದು ಕವಾಟ ಬೇಕು. ಅದಕ್ಕೆ ಐದು ದ್ವಾರಗಳು: ಗಾಳಿ ಬರಲು ಒಂದು, ಸಿಲಿಂಡರಿನ ಎರಡು ಕೊನೆಗಳಿಗೆ ಎರಡು, ಉಪಯೋಗಿಸಿದ ಗಾಳಿ ಹೊರಗೆ ಹೋಗಲು ಎರಡು. ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಒಳಗಣ ಕೊಂತವು ಸರಿದು ಗಾಳಿಯು ಮುಂದಿನ ಕೊನೆಗೆ ಹೋಗುವುದು. ವಿದ್ಯುತ್ತು ನಿಂತಾಗ ಸ್ಪ್ರಿಂಗು ಕೊಂತವನ್ನು ಹಿಂದಕ್ಕೆ ತಳ್ಳಿ ಗಾಳಿಯನ್ನು ಇನ್ನೊಂದು ಕೊನೆಗೆ ಕಳುಹಿಸುವುದು. ವಿದ್ಯುತ್ತು ನಿಂತರೆ ಲಾಂದ್ರವು ಕೆಳಗಿಳಿದು ಕುರುಬನು ನೆಟ್ಟಗೆ ನಿಲ್ಲುವಂತೆ ಕೊಳವೆಗಳನ್ನು ಜೋಡಿಸಬೇಕು. ಯಂತ್ರಕ್ಕೆ ಅಪಜಯವಾದಾಗ ಅದು ತಾನಾಗಿ ವಿಶ್ರಾಂತಿಯ ಸ್ಥಿತಿಗೆ ಬರಬೇಕೆಂಬುದು ಒಳ್ಳೆಯ ಯಂತ್ರಗಾರರ ಮೊದಲನೆಯ ನಿಯಮ.

ಕವಾಟವನ್ನು ಸಿಲಿಂಡರಿನ ಹತ್ತಿರವೇ ಇಡತಕ್ಕದ್ದು. ಒಳವ್ಯಾಸ ೪ ಮಿಲಿಮೀಟರು ಇರುವ ಕೊಳವೆಯು ೨ ಮೀಟರು ಉದ್ದವಿದ್ದರೆ ಅದರೊಳಗೆ ೨೫ ಘನ ಸೆಂಟಿಮೀಟರು ಗಾಳಿ ಹಿಡಿಸುವುದು. ನಮ್ಮ ಕೈಯ ಸಿಲಿಂಡರಿನೊಳಗೆ ಹಿಡಿಸುವುದೂ ಅಷ್ಟೇ! ಕೊಳವೆ ಉದ್ದವಾದಂತೆ ಅರ್ಧ ಗಾಳಿಯು ದಾರಿಯಲ್ಲೇ ಮುಗಿದುಹೋಗುವುದು; ಗೊಂಬೆಯೂ ಅಪ್ಪಣೆಗೆ ತಡವಾಗಿ ಓಗೊಡುವುದು.

೪. ಹೊರಗೆ ಹೋಗುವ ಗಾಳಿಯ ಹತೋಟಿ

ಇಷ್ಟನ್ನು ಜೋಡಿಸಿ ವಿದ್ಯುತ್ತನ್ನು ಬಿಟ್ಟರೆ ಕುರುಬನು ಲಾಂದ್ರವನ್ನು ಎತ್ತುವನೇ? ಇಲ್ಲ, ಎಸೆಯುವನು. ಕೈಯು ಕಣ್ಣು ಮಿಟುಕಿಸುವಷ್ಟರಲ್ಲಿ ಮೇಲಕ್ಕೆ ಹಾರಿ ತಡೆಗೆ ಬಡಿದು ನಡುಗುವುದು. ಕಸದ ಡಬ್ಬಿಯ ಪಿಶಾಚಿಗೆ ಬೇಕಾದುದು ಇದೇ. ಕುರುಬನಿಗೆ ಮಾತ್ರ ಇದು ಒಪ್ಪದು.

ಒಳಗೆ ಬರುವ ಗಾಳಿಯ ದಾರಿಯನ್ನು ಕಿರಿದು ಮಾಡಿದರೆ ಕೈಯು ಮೆಲ್ಲನೆ ಏಳಬಹುದೆಂದು ಯಾರಿಗಾದರೂ ತೋಚುವುದು ಸಹಜ. ಆದರೆ ಫಲವು ಬೇರೆಯಾಗಿದೆ. ಗಾಳಿಯು ನೀರಿನಂತಲ್ಲ; ಒತ್ತಿದರೆ ಕುಗ್ಗುವುದು, ಬಿಟ್ಟರೆ ಹಿಗ್ಗುವುದು. ಕಿರಿದಾದ ದಾರಿಯಿಂದ ಗಾಳಿಯು ಸ್ವಲ್ಪ ಸ್ವಲ್ಪವಾಗಿ ಸೇರುತ್ತಿರುವಾಗ ಪಿಸ್ಟನ್ನು ಘರ್ಷಣೆಯಿಂದ ಅಂಟಿಕೊಂಡು ನಿಂತಿರುವುದು. ಒತ್ತಡವು ಸಾಕಷ್ಟು ಕೂಡಿದೊಡನೆ ಅದು ಕಿತ್ತುಕೊಂಡು ಮುಂದಕ್ಕೆ ನೆಗೆಯುವುದು. ಹಾಗೆ ನೆಗೆದಾಗ ಗಾಳಿಯು ಹಿಗ್ಗಿ ಒತ್ತಡವು ಇಳಿಯುವುದರಿಂದ ಮತ್ತೆ ನಿಲ್ಲುವುದು, ಮತ್ತೆ ನೆಗೆಯುವುದು. ಹೀಗೆ ಕೈಯು ತೊದಲುತ್ತ ತೊದಲುತ್ತ ಏರುವುದೇ ಹೊರತು ಜೀವವುಳ್ಳವನ ಕೈಯಂತೆ ಏರದು.

ನಿಜವಾದ ಉಪಾಯವು ಎದುರು ಕೊನೆಯಲ್ಲಿದೆ. ಬರುವ ಗಾಳಿಗೆ ದಾರಿಯನ್ನು ಧಾರಾಳವಾಗಿ ಬಿಟ್ಟು, ಹೊರಗೆ ಹೋಗುವ ಗಾಳಿಯನ್ನು ಒಂದು ತಿರುಪಿನ ಕವಾಟದಿಂದ ತಡೆಯಬೇಕು. ಆಗ ಪಿಸ್ಟನ್ನಿನ ಹಿಂದೆ ಪೂರ್ಣ ಬಲವಿರುವುದು; ಅದರ ಮುಂದೆ ಮೆತ್ತನೆಯ ಗಾಳಿಯ ದಿಂಬಿರುವುದು. ಆ ದಿಂಬು ಎಷ್ಟು ಬೇಗ ಖಾಲಿಯಾಗುವುದೋ ಅಷ್ಟೇ ಬೇಗ ಕೈಯು ಏರುವುದು. ಇಂಥ ತಿರುಪನ್ನು ಸಿಲಿಂಡರಿನ ಎರಡು ದ್ವಾರಗಳಿಗೂ ಹಾಕಿದರೆ ಏರುವ ವೇಗವನ್ನೂ ಇಳಿಯುವ ವೇಗವನ್ನೂ ಬೇರೆ ಬೇರೆಯಾಗಿ ಗೊತ್ತುಮಾಡಬಹುದು. ಹಾರ್ಮೋನಿಯಂ ನುಡಿಸುವವರು ಇದನ್ನು ಬೇಗನೆ ಗ್ರಹಿಸುವರು. ತಿದಿಯನ್ನು ಎಷ್ಟು ಒತ್ತಿದರೂ ಗಾಳಿಯು ಎಷ್ಟು ಹೊರಡಬೇಕೆಂಬುದನ್ನು ಬೆರಳುಗಳೇ ತೀರ್ಮಾನಿಸುವುವು.

ಇಲ್ಲಿ ಒಂದು ಮುಖ್ಯ ವಿಷಯವನ್ನು ಜ್ಞಾಪಕದಲ್ಲಿಡತಕ್ಕದ್ದು. ಸಿಲಿಂಡರು ಪೂರ್ತಿ ಬರಿದಾಗಿರುವಾಗ ಮುಂದೆ ಯಾವ ದಿಂಬೂ ಇರುವುದಿಲ್ಲವಷ್ಟೆ. ಆಗ ಅಪ್ಪಣೆ ಕೊಟ್ಟರೆ ತಿರುಪು ವ್ಯರ್ಥವಾಗಿ ಮೊದಲನೆಯ ಚಲನೆಯು ಹೊಡೆತದಂತೆ ಆಗುವುದು. ಆದುದರಿಂದ ಪ್ರತಿ ಸಂಜೆಯೂ ಮೊದಲು ಗಾಳಿಯನ್ನು ಬಿಡಬೇಕು. ಗೊಂಬೆಯು ವಿಶ್ರಾಂತಿಯ ಸ್ಥಿತಿಯಲ್ಲೇ ಇರುವುದರಿಂದ ಆ ಕಡೆಯ ಕೊನೆಯು ತುಂಬಿ ದಿಂಬು ಸಿದ್ಧವಾಗುವುದು. ತರುವಾಯವೇ ಗಣಕಯಂತ್ರವನ್ನು ಚಾಲೂ ಮಾಡಬೇಕು. ಕ್ರಮ ತಪ್ಪಿದರೆ ಸೌಮ್ಯನಾದ ಕುರುಬನೂ ಪಿಶಾಚಿಯಂತೆ ವರ್ತಿಸುವನು.

೫. ಗಣಕಯಂತ್ರದ ಕೆಲಸ

ಗಣಕಫಲಕವು ಇಲ್ಲಿ ಮಾಡುವುದು ಶಾಲೆಯ ಗಂಟೆ ಹೊಡೆಯುವವನ ಕೆಲಸವನ್ನು: ಇಂಥ ವೇಳೆಗೆ ಇಂಥದು. ಮನುಷ್ಯನ ಮೈಯ ಶಾಖವು ಸರಿದಾಡುವುದನ್ನು ಗುರುತಿಸುವ ಒಂದು ಸಣ್ಣ ಉಪಕರಣವು ಯಾರೋ ಬಂದರೆಂದು ತಿಳಿಸುವುದು. ಆ ಕ್ಷಣದಿಂದ ಲೆಕ್ಕವು ಮೊದಲಾಗುವುದು.

೦ ಸೆಕೆಂಡು: ಲಾಂದ್ರದ ದೀಪ ಹೊತ್ತುವುದು.
೧ ಸೆಕೆಂಡು: ಕೈಯ ಕವಾಟ ತೆರೆಯುವುದು, ಲಾಂದ್ರ ಏರುವುದು.
೫ ಸೆಕೆಂಡು: ನಡುವಿನ ಕವಾಟ ತೆರೆಯುವುದು, ಕುರುಬನು ಬಾಗುವನು.
೮ ಸೆಕೆಂಡು: ನಡುವಿನ ಕವಾಟ ಮುಚ್ಚುವುದು, ನೆಟ್ಟಗಾಗುವನು.
೧೦ ಸೆಕೆಂಡು: ಕೈಯ ಕವಾಟ ಮುಚ್ಚುವುದು, ಲಾಂದ್ರ ಇಳಿಯುವುದು.
೧೩ ಸೆಕೆಂಡು: ದೀಪ ಆರುವುದು. ೩೦ ಸೆಕೆಂಡು ತುಂಬುವ ತನಕ ಯಾರು ಬಂದರೂ ಗೊಂಬೆಯು ಅಲುಗದು.

ಇಂಥ ಒಂದು ಆವೃತ್ತಿಗೆ ಎರಡು ಸಿಲಿಂಡರುಗಳೂ ಸೇರಿ ಹೊರಗಿನ ಗಾಳಿಯ ಲೆಕ್ಕದಲ್ಲಿ ಅರ್ಧ ಲೀಟರಿಗಿಂತ ತುಸು ಹೆಚ್ಚಾಗಿ ಬಳಸುವುವು. ಆದಕಾರಣ ಚಿಕ್ಕ ಕಂಪ್ರೆಸರೇ ಧಾರಾಳವಾಗಿ ಸಾಕು.

ಫಲಕವು ತಾನೇ ಕವಾಟವನ್ನು ನಡಿಸಲಾರದು. ೧೨ ವೋಲ್ಟಿನಲ್ಲಿ ೪ ವಾಟ್ ಹಿಡಿಯುವ ಸುರುಳಿಗೆ ಆಂಪಿಯರಿನ ಮೂರರಲ್ಲೊಂದು ಪಾಲು ಬೇಕು. ಫಲಕದ ಒಂದು ಕಾಲಿನಿಂದ ಆಂಪಿಯರಿನ ಐವತ್ತರಲ್ಲೊಂದು ಪಾಲಿನಷ್ಟನ್ನು ಮಾತ್ರ ತೆಗೆಯುವುದು ಕ್ಷೇಮ. ಆದುದರಿಂದ ನಡುವೆ ಒಂದು ಟ್ರಾನ್ಸಿಸ್ಟರನ್ನು ಇಡಬೇಕು. ಅದು ದ್ವಾರಪಾಲಕನಂತೆ ಚಿಕ್ಕ ಸನ್ನೆಯನ್ನು ಕಂಡು ದೊಡ್ಡ ಪ್ರವಾಹವನ್ನು ಬಿಡುವುದು. ಸುರುಳಿಯ ಪ್ರವಾಹವನ್ನು ಥಟ್ಟನೆ ನಿಲ್ಲಿಸಿದಾಗ ಅದರಲ್ಲಿ ಹೆಚ್ಚಿನ ವೋಲ್ಟಿನ ವಿದ್ಯುತ್ತು ಕ್ಷಣಕಾಲ ಚಿಮ್ಮುವುದು. ಅದು ಟ್ರಾನ್ಸಿಸ್ಟರನ್ನು ಸುಡದಂತೆ ಸುರುಳಿಗೆ ಅಡ್ಡಲಾಗಿ ಒಂದು ಡಯೋಡನ್ನು ಹಾಕತಕ್ಕದ್ದು.

೬. ಎಚ್ಚರಿಕೆಗಳು

ಅಂಗಳಕ್ಕೆ ಬರುವವರು ಮಕ್ಕಳು. ಗೊಂಬೆಗೆ ಕಣ್ಣಿಲ್ಲ, ಲಾಂದ್ರದ ಹಿಡಿಯೂ ಮಗುವಿನ ಬೆರಳೂ ಅದಕ್ಕೆ ಒಂದೇ. ನಾವು ಮೇಲೆ ಮಾಡಿದ ಲೆಕ್ಕವನ್ನು ಮತ್ತೊಮ್ಮೆ ನೋಡಿರಿ. ಕೈತುದಿಯಲ್ಲಿ ಬಲವು ೨ ಕಿಲೋಗ್ರಾಂ ಮಾತ್ರವಾದರೂ ಭುಜದ ಕೀಲಿನ ಬಳಿ ಅದೇ ೨೦ ಕಿಲೋಗ್ರಾಂ ಆಗಿದೆ. ಅಪಾಯವು ಕಾಣುವ ಕೈಯಲ್ಲಿ ಸ್ವಲ್ಪ, ಅಂಗಿಯ ಮರೆಯಲ್ಲಿರುವ ಕೀಲಿನಲ್ಲಿ ಬಹಳ. ಆದಕಾರಣ ಕೀಲುಗಳಿಗೆ ತಗಡಿನ ಮುಚ್ಚಳಗಳಿರಬೇಕು; ಕೈಯು ಚಾಚುವಷ್ಟು ದೂರಕ್ಕಿಂತ ಆಚೆಗೆ ಬೇಲಿಯಿರಬೇಕು; ಕೀಲಿಗೆ ಕೈ ಹಾಕುವ ಮೊದಲು ಕಟ್ಟುವವರು ಕೈಕವಾಟವನ್ನು ಮುಚ್ಚಿ ಗಾಳಿಯನ್ನೆಲ್ಲ ಹೊರಗೆ ಬಿಡಬೇಕು.

ಗಾಳಿಯನ್ನು ತುಂಬಲಿಕ್ಕಾಗಲಿ ಒಯ್ಯಲಿಕ್ಕಾಗಲಿ ಮನೆಯ ನೀರಿನ ಪಿ.ವಿ.ಸಿ. ಕೊಳವೆಗಳನ್ನು ಎಂದಿಗೂ ಉಪಯೋಗಿಸಬಾರದು. ನೀರು ತುಂಬಿದ ಕೊಳವೆ ಒಡೆದರೆ ನೀರು ಸೋರಿ ಒತ್ತಡವು ಅಲ್ಲಿಗೇ ಇಳಿಯುವುದು; ಒತ್ತಿದ ಗಾಳಿಯಾದರೋ ಹಿಗ್ಗುತ್ತ ಹೋಗಿ ಒಡೆದ ಚೂರುಗಳನ್ನು ಗುಂಡಿನಂತೆ ಎಸೆಯುವುದು. ತೊಟ್ಟಿಯ ಕ್ಷೇಮಕವಾಟವನ್ನು ಕಟ್ಟಿಹಾಕಕೂಡದು. ಗಾಳಿಯ ನಳಿಗೆಯನ್ನು ತಮಾಷೆಗಾಗಿಯೂ ಒಬ್ಬರ ಮೈಮೇಲೆ ಹಿಡಿಯಕೂಡದು. ತೊಟ್ಟಿಯಲ್ಲಿ ಕೂಡುವ ನೀರನ್ನು ದಿನವೂ ತೆಗೆಯಬೇಕು. ಶೀತದೇಶಗಳ ಡಿಸೆಂಬರಿನಲ್ಲಿ ಅದು ಕವಾಟದೊಳಗೆ ಹೆಪ್ಪುಗಟ್ಟಿ ಗೊಂಬೆಯನ್ನು ನಿಲ್ಲಿಸಿಬಿಡುವುದು. ಹೊರಾಂಗಣದ ವಿದ್ಯುತ್ತಿಗೆ ಭೂಸಂಪರ್ಕವೂ, ವಿದ್ಯುತ್ತು ಸೋರಿದೊಡನೆ ತಾನಾಗಿ ಕಡಿದುಹಾಕುವ ಸ್ವಿಚ್ಚೂ ಇರಲೇಬೇಕು.

ಉಪಸಂಹಾರ

ಪಿಶಾಚಿಯನ್ನೂ ಕುರುಬನನ್ನೂ ಬಿಚ್ಚಿ ಮೇಜಿನ ಮೇಲೆ ಹರಡಿದರೆ ಎರಡರೊಳಗೂ ಒಂದೇ ತರದ ಸಿಲಿಂಡರು, ಒಂದೇ ತರದ ಕವಾಟ, ಒಂದೇ ಒತ್ತಡದ ಗಾಳಿ ದೊರೆಯುವುವು. ಒಂದು ಮಗುವನ್ನು ಹೆದರಿಸಿ ಓಡಿಸುವ ಬಲವೇ ಇನ್ನೊಂದರಲ್ಲಿ ಮಗುವನ್ನು ಹತ್ತಿರಕ್ಕೆ ಕರೆಯುವುದು. ಭೇದವಿರುವುದು ಒಂದು ತಿರುಪಿನ ಅರ್ಧ ಸುತ್ತಿನಲ್ಲಿ. ಬಲವನ್ನು ಅಂಗಡಿಯಲ್ಲಿ ಕೊಳ್ಳಬಹುದು. ಬಲವು ಎಷ್ಟು ಹೊರಡಬೇಕೆಂಬುದನ್ನು ಮಾತ್ರ ಕಟ್ಟುವವರು ತಾವೇ ಕೂತು, ತಿರುಪನ್ನು ತುಸು ತಿರುಗಿಸಿ, ನೋಡಿ, ಮತ್ತೆ ತುಸು ತಿರುಗಿಸಿ ಕಲಿಯಬೇಕು. ಸತ್ಯವೇದವು ಆತ್ಮದ ಫಲಗಳಲ್ಲಿ ಶಮೆದಮೆಯನ್ನೂ ಎಣಿಸಿರುವುದನ್ನು ನಮ್ಮ ವಿದ್ಯಾರ್ಥಿನಿಯರು ಬಾಲ್ಯದಿಂದ ಕೇಳಿದ್ದಾರೆ. ಬಲಹೀನತೆಯೇ ಸೌಮ್ಯತೆಯೆಂದು ತಪ್ಪಾಗಿ ತಿಳಿಯುವವರಿಗೆ ಈ ಗೊಂಬೆಯು ಒಳ್ಳೇ ಪಾಠವನ್ನು ಹೇಳುವುದು. ಯಾಕಂದರೆ ಕುರುಬನು ಮೆಲ್ಲನೆ ಬಾಗುವಾಗಲೂ ಅವನ ಬೆನ್ನ ಹಿಂದೆ ಪೂರ್ಣ ಬಲವು ನಿಂತಿರುವುದು.

ತಾಯಂದಿರೇ, ತಂದೆಗಳೇ, ನಿಮ್ಮ ಹೆಣ್ಣುಮಕ್ಕಳು ತಿರುಪುಳಿಯನ್ನೂ ಬೆಸುಗೆಯ ಕಡ್ಡಿಯನ್ನೂ ಕೈಗೆ ತೆಗೆದುಕೊಳ್ಳುವಾಗ ತಡೆಯಬೇಡಿರಿ. ಪಕ್ಕದಲ್ಲಿ ಕೂತು ಲಾಂದ್ರವನ್ನು ಹಿಡಿದುಕೊಳ್ಳಿರಿ. ಮೊದಲು ಈ ಮೂರು ಪ್ರಶ್ನೆಗಳಿಗೆ ಅವರು ಉತ್ತರ ಹೇಳಲಿ. ಅನಂತರ ಕಬ್ಬಿಣವನ್ನು ಕತ್ತರಿಸಲಿ.

(೧) ಒತ್ತಡವನ್ನು ೪ರಿಂದ ೩ಕ್ಕೆ ಇಳಿಸಿದರೆ ಲಾಂದ್ರದ ಬಳಿ ಎಷ್ಟು ಬಲ ಉಳಿಯುವುದು?
(೨) ಲಾಂದ್ರವು ಮೇಲಿರುವಾಗಲೇ ವಿದ್ಯುತ್ತು ನಿಂತರೆ ಕುರುಬನು ಏನು ಮಾಡುವನು, ಏಕೆ?
(೩) ಬೇಲಿಯನ್ನು ಎಲ್ಲಿ ಹಾಕುವಿರಿ? ಅಳೆದು ಹೇಳಿರಿ.